ಕಣ್ಣಿಗೆ ಕಾಣುವ ಡೇರೆ, ಕಾಣದ ಮಿಶ್ರಲೋಹ

ದಕ್ಷಿಣ ಕೊರಿಯಾದ ಡಿಎಸಿ ಎಂಬ ಕಂಪನಿ ಡೇರೆಗಳಿಗೆ ಬೇಕಾದ ಅಲ್ಯೂಮಿನಿಯಂ ಕೋಲುಗಳನ್ನು ತಯಾರಿಸಿ ಜಗತ್ತಿನ ಹಲವು ಹೆಸರಾಂತ ಬ್ರ್ಯಾಂಡ್‌ಗಳಿಗೆ ಒದಗಿಸುತ್ತದೆ. ಆ ಕೋಲುಗಳ ಅನುಭವದಿಂದಲೇ ಹುಟ್ಟಿದ, ಒಂದು ಕಿಲೋಗ್ರಾಂಗಿಂತ ಕಡಿಮೆ ತೂಗುವ ಮಡಚುವ ಕುರ್ಚಿಯೊಂದು 2010ರ ದಶಕದ ಆರಂಭದಲ್ಲಿ ಹೆಲಿನಾಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕೆಲವೇ ವರ್ಷಗಳಲ್ಲಿ ಅದೇ ಆಕಾರದ ಕುರ್ಚಿಗಳು ಬೇರೆ ಬೇರೆ ಹೆಸರುಗಳಲ್ಲಿ, ಬಹಳ ಕಡಿಮೆ ಬೆಲೆಗೆ ಸಿಗತೊಡಗಿದವು. ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೂಲ ಯಾವುದು, ನಕಲು ಯಾವುದು ಎಂದು ಹೇಳುವುದು ಕಷ್ಟ.

ಇಂಥ ನಕಲಿಗೆ ದಾರಿಯಾಗಿರುವುದು ಈ ಉದ್ಯಮ ನಡೆಯುವ ರೀತಿ. ಅಮೆರಿಕ, ಯುರೋಪ್ ಅಥವಾ ಜಪಾನಿನಲ್ಲಿ ರೂಪುಗೊಂಡ ಡೇರೆಯ ಬಟ್ಟೆಯನ್ನು ಕತ್ತರಿಸಿ ಹೊಲಿಯುವ ಕೆಲಸ ಬಹುಮಟ್ಟಿಗೆ ಚೀನಾ, ವಿಯೆಟ್ನಾಂ, ಬಾಂಗ್ಲಾದೇಶಗಳ ಕಾರ್ಖಾನೆಗಳಲ್ಲಿ ನಡೆಯುತ್ತದೆ. ಯಾವ ಹೊಲಿಗೆ ಮೊದಲು, ಯಾವುದು ನಂತರ, ಹೊಲಿಗೆಯ ಮೇಲಿನ ಜಲನಿರೋಧಕ ಪಟ್ಟಿಯನ್ನು ಎಷ್ಟು ಬಿಸಿಯಲ್ಲಿ ಅಂಟಿಸಬೇಕು ಎಂಬ ವಿವರಗಳನ್ನು ಕೈಯಿಂದ ಮಾಡಿಯೇ ಕಲಿಯಬೇಕು, ಮತ್ತು ಹಾಗೆ ಕಲಿತದ್ದು ಕಲಿತವರ ಬಳಿಯೇ ಉಳಿಯುತ್ತದೆ. ನೇಚರ್‌ಹೈಕ್‌ನಂಥ ಚೀನೀ ಬ್ರ್ಯಾಂಡ್‌ಗಳು ಇಂದು ಸ್ವಂತ ಹೆಸರಿನಲ್ಲೇ ಜಗತ್ತಿನಾದ್ಯಂತ ಮಾರಾಟ ಮಾಡುತ್ತಿರುವಾಗ, ತಯಾರಾದ ದೇಶದ ಹೆಸರು ನೋಡಿ ಗುಣಮಟ್ಟ ಅಳೆಯುವ ಅಭ್ಯಾಸಕ್ಕೆ ಅರ್ಥವಿಲ್ಲ.

ನಕಲೆಲ್ಲವೂ ಕಳ್ಳತನವೂ ಅಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳಲ್ಲಿ ಪೇಟೆಂಟ್‌ನ ರಕ್ಷಣೆ ಸಾಮಾನ್ಯವಾಗಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಆ ಮೇಲೆ ಆ ಜ್ಞಾನ ಎಲ್ಲರ ಸ್ವತ್ತು. ಫೋಮ್‌ನ ಎರಡೂ ಮೈಗೆ ಗಾಳಿಯಾಡದ ಬಟ್ಟೆಯನ್ನು ಅಂಟಿಸಿ, ಕವಾಟ ತೆರೆದೊಡನೆ ತಾನಾಗಿ ಗಾಳಿ ತುಂಬಿಕೊಳ್ಳುವ ಥರ್ಮ್-ಎ-ರೆಸ್ಟ್ ಹಾಸಿಗೆಯನ್ನು 1970ರ ದಶಕದಲ್ಲಿ ಸಿಯಾಟಲ್‌ನಲ್ಲಿ ರೂಪಿಸಿದವರು ಬೋಯಿಂಗ್ ಕಂಪನಿಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರುಗಳು. ಇಂದು ಆ ತತ್ವದ ಹಾಸಿಗೆಯನ್ನು ಯಾರು ಬೇಕಾದರೂ ಮಾಡಬಹುದು, ಮಾಡುವುದು ಒಳ್ಳೆಯದೂ ಹೌದು. ನನ್ನ ಆಕ್ಷೇಪವಿರುವುದು ಆಕಾರವನ್ನಷ್ಟೇ ಎತ್ತಿಕೊಂಡು, ಆ ಆಕಾರ ತಾಳಿಕೊಳ್ಳಬೇಕಾದ ಹೊರೆಯನ್ನು ಪರೀಕ್ಷಿಸದೆ ಬಿಡುವ ನಕಲಿನ ಬಗ್ಗೆ.

ಡೇರೆಯ ಕೋಲನ್ನೇ ನೋಡೋಣ. ಒಳ್ಳೆಯ ಕೋಲುಗಳಿಗೆ 7075 ಎಂಬ ಸಂಖ್ಯೆಯಿಂದ ಗುರುತಿಸುವ ಅಲ್ಯೂಮಿನಿಯಂ ಮಿಶ್ರಲೋಹ ಅಥವಾ ಅದರ ಹತ್ತಿರದ್ದನ್ನು ಬಳಸುತ್ತಾರೆ. 7075ರಲ್ಲಿ ಅಲ್ಯೂಮಿನಿಯಂ ಜೊತೆ ಸುಮಾರು ಶೇ. 5.6ರಷ್ಟು ಸತು, ಶೇ. 2.5ರಷ್ಟು ಮೆಗ್ನೀಸಿಯಂ, ಶೇ. 1.6ರಷ್ಟು ತಾಮ್ರ ಇರುತ್ತವೆ. ಇದನ್ನು ಸುಮಾರು 470 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಥಟ್ಟನೆ ತಣಿಸಿ, ಬಳಿಕ 120 ಡಿಗ್ರಿಯಲ್ಲಿ ಸುಮಾರು ಒಂದು ದಿನ ಇಟ್ಟಾಗ ಸತು ಮತ್ತು ಮೆಗ್ನೀಸಿಯಂ ಕೂಡಿಕೊಂಡು ನ್ಯಾನೋಮೀಟರ್ ಅಳತೆಯ ಕಣಗಳಾಗುತ್ತವೆ. ಬಾಗಿಸುವಾಗ ಲೋಹದೊಳಗಿನ ಪರಮಾಣುಗಳ ಪದರಗಳು ಜಾರದಂತೆ ಈ ಕಣಗಳೇ ತಡೆಯೊಡ್ಡುತ್ತವೆ. ಹೀಗೆ ಹದಗೊಂಡ 7075 ಸುಮಾರು 500 ಮೆಗಾಪ್ಯಾಸ್ಕಲ್ ಒತ್ತಡದವರೆಗೆ ಬಾಗಿ ಮತ್ತೆ ನೇರವಾಗುತ್ತದೆ. ಅಗ್ಗದ 6061 ಮಿಶ್ರಲೋಹಕ್ಕೆ ಆ ಮಿತಿ ಸುಮಾರು 275 ಮಾತ್ರ.

ಬಳಕೆದಾರನನ್ನು ದಾರಿ ತಪ್ಪಿಸುವ ಸಂಗತಿ ಇಲ್ಲೇ ಇದೆ. ಎರಡರ ತೂಕ ಹೆಚ್ಚುಕಡಿಮೆ ಒಂದೇ, ಬಿಗಿತವೂ ಒಂದೇ, ಅಂದರೆ ಸುಮಾರು 70 ಗಿಗಾಪ್ಯಾಸ್ಕಲ್. ಒಂದೇ ದಪ್ಪದ ಎರಡು ಕೋಲುಗಳನ್ನು ಅಂಗಡಿಯಲ್ಲಿ ಕೈಯಿಂದ ಬಾಗಿಸಿ ನೋಡಿದರೆ ಅವು ಸಮನಾಗಿಯೇ ಬಾಗುತ್ತವೆ, ಶಾಂತ ಹವೆಯಲ್ಲಿ ಎರಡೂ ಡೇರೆಗಳು ಒಂದೇ ರೀತಿ ನಿಲ್ಲುತ್ತವೆ. ಬಿರುಗಾಳಿ ಕೋಲನ್ನು 6061ರ ಆ ಮಿತಿಯಾಚೆಗೆ ಬಾಗಿಸಿದ ರಾತ್ರಿ ಮಾತ್ರ ಒಂದು ಮರಳಿ ನೆಟ್ಟಗಾಗುತ್ತದೆ, ಇನ್ನೊಂದು ಡೊಂಕಾಗಿಯೇ ಉಳಿಯುತ್ತದೆ.

ಬಟ್ಟೆಯ ಜಲನಿರೋಧಕ ಲೇಪನದ್ದೂ ಇಂಥದೇ ಕಥೆ. ಡೇರೆಯ ಮೇಲೆ ನಮೂದಿಸುವ 3000 ಮಿಲಿಮೀಟರ್‌ನಂಥ ಅಂಕಿ, ಬಟ್ಟೆಯ ಮೇಲೆ ನೀರಿನ ಕಂಬದ ಎತ್ತರವನ್ನು, ಅಂದರೆ ಒತ್ತಡವನ್ನು, ಏರಿಸುತ್ತಾ ಮೂರು ಕಡೆ ಹನಿ ಮೂಡುವ ಹಂತವನ್ನು ಗುರುತಿಸುವ ಪರೀಕ್ಷೆಯಿಂದ ಬರುತ್ತದೆ. ಹೊಸ ಬಟ್ಟೆ ಆ ಅಂಕಿಯನ್ನು ಮುಟ್ಟಿದ ಮಾತ್ರಕ್ಕೆ ಅದು ಹಾಗೆಯೇ ಉಳಿಯುತ್ತದೆಂದು ಹೇಳಲಾಗದು. ಪಾಲಿಯೆಸ್ಟರ್ ಮೂಲದ ಪಾಲಿಯುರೆಥೇನ್ ಲೇಪನದಲ್ಲಿರುವ ಎಸ್ಟರ್ ಎಂಬ ರಾಸಾಯನಿಕ ಬಂಧಗಳನ್ನು ತೇವ ಮತ್ತು ಬಿಸಿ ನಿಧಾನವಾಗಿ ಕಡಿಯುತ್ತವೆ. ಕೆಲವು ವರ್ಷಗಳಲ್ಲಿ ಲೇಪನ ಅಂಟಂಟಾಗಿ, ನಾರಿ, ಸಿಪ್ಪೆ ಏಳುತ್ತದೆ. ಪಾಲಿಈಥರ್ ಮೂಲದ ಲೇಪನ ಇದನ್ನು ಬಹಳ ಚೆನ್ನಾಗಿ ತಡೆಯುತ್ತದೆ. ಕೊಳ್ಳುವ ದಿನ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಡೇರೆ ಸೋರಿದರೆ ಒಂದು ರಾತ್ರಿಯ ನಿದ್ದೆ ಕೆಡಬಹುದು, ಗ್ಯಾಸ್ ಒಲೆಯ ವಿಷಯದಲ್ಲಿ ಪ್ರಾಣವೇ ಹೋಗಬಹುದು. ಬರ್ನರ್‌ಗೂ ಪಾತ್ರೆಯ ತಳಕ್ಕೂ ನಡುವಿನ ಅಂತರ ಕೆಲವು ಮಿಲಿಮೀಟರ್ ಕಡಿಮೆಯಾದರೂ ಜ್ವಾಲೆ ಪೂರ್ತಿ ಉರಿಯುವ ಮೊದಲೇ ತಣ್ಣನೆಯ ಲೋಹಕ್ಕೆ ತಾಗಿ ತಣಿಯುತ್ತದೆ. ಇಂಗಾಲದ ಡೈಆಕ್ಸೈಡ್ ಆಗಬೇಕಿದ್ದದ್ದು ಇಂಗಾಲದ ಮಾನಾಕ್ಸೈಡ್ ಆಗಿಯೇ ಹೊರಬೀಳುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ವಿಷಾನಿಲ ಮುಚ್ಚಿದ ಡೇರೆಯಲ್ಲಿ ತುಂಬಿಕೊಂಡರೆ ಒಳಗಿರುವವರಿಗೆ ಸುಳಿವೂ ಸಿಗದು. ಒಲೆಯನ್ನು ಇನ್ನಷ್ಟು ಚಿಕ್ಕದಾಗಿಸಲು ಪಾತ್ರೆ ಕೂರುವ ಕಾಲುಗಳನ್ನು ಗಿಡ್ಡ ಮಾಡುವವರು, ಮೂಲದವರಾಗಲಿ ನಕಲು ಮಾಡುವವರಾಗಲಿ, ಪಾತ್ರೆಯ ಅಂಚಿನಿಂದ ಹೊರಬರುವ ಅನಿಲದಲ್ಲಿ ಮಾನಾಕ್ಸೈಡ್ ಎಷ್ಟಿದೆ ಎಂದು ಮತ್ತೆ ಅಳೆಯಲೇಬೇಕು. ಅಳೆದು ಬಂದ ಅಂಕಿಯನ್ನು ತೂಕದ ಪಕ್ಕದಲ್ಲೇ ಮುದ್ರಿಸಬೇಕು.