ಮದ್ದು ಮಿದುಳಿಗೆ ಮುಟ್ಟಬೇಕಲ್ಲ

ಹೋದ ತಿಂಗಳು ರಾಯಬಾಗ ತಾಲ್ಲೂಕಿನ ರೈತರೊಬ್ಬರು ನಮ್ಮ ಕಾಲೇಜಿಗೆ ಬಂದಿದ್ದರು. ಒಂದು ಕೈಯಲ್ಲಿ ಎಂಆರ್‌ಐ ಫೈಲು, ಇನ್ನೊಂದರಲ್ಲಿ ಗುಳಿಗೆ ಡಬ್ಬಿ. ಅವರ ತಮ್ಮನಿಗೆ ಮಿದುಳಿನಲ್ಲಿ ಗಂಟು. ಹೆಸರು ಗ್ಲಿಯೊಬ್ಲಾಸ್ಟೋಮಾ, ಮಿದುಳಿನ ಒಂದು ಕ್ಯಾನ್ಸರ್. ಆಪರೇಷನ್ ಆಗಿದೆ, ಬೆಳಗಾವಿಯಲ್ಲೇ ಕರೆಂಟ್ ಕೊಡುವುದು ನಡೆದಿದೆ. ರೇಡಿಯೇಶನ್‌ಗೆ ನಮ್ಮ ಕಡೆ ಜನ ಹಾಗೇ ಹೇಳುತ್ತಾರೆ.

ನಾನು ರೋಗಿಗಳನ್ನು ನೋಡುವ ಡಾಕ್ಟರ್ ಅಲ್ಲ. ಫಾರ್ಮಸಿ ಮೇಷ್ಟ್ರು. ಔಷಧ ಯಾವ ರೂಪದಲ್ಲಿ ಮೈಯೊಳಗೆ ಹೋಗಬೇಕು ಅನ್ನುವುದು ನನ್ನ ವಿಷಯ. ಗಿಡಮೂಲದ ವಸ್ತುಗಳನ್ನು ನ್ಯಾನೊ ಕಣಗಳಲ್ಲಿ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ತುಂಬುವ ಕೆಲಸ ನಮ್ಮ ಲ್ಯಾಬಿನಲ್ಲಿ ನಡೆಯುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಡಬ್ಬಿಯ ಮೇಲೆ ‘ನ್ಯಾನೊ ಕರ್ಕ್ಯುಮಿನ್’ ಎಂದು ದೊಡ್ಡದಾಗಿ ಬರೆದಿತ್ತು.

“ಅರಿಷಿಣ ನಾವ ಬೆಳಿತೇವ್ರಿ ಸರ್. ಕುದಿಸಿ, ಒಣಗಿಸಿ, ವರ್ಷಾ ಸಾಂಗ್ಲಿಗೆ ಒಯ್ತೇವಿ. ಅದರಾಗಿನ ಸತ್ವಾನ ಇದು ಅಂತಾರ. ಇದು ತಮ್ಮನ ತಲಿಮಟ ಮುಟ್ಟತೈತೇನ್ರಿ?”

ಬಹಳ ಜನ ನನ್ನನ್ನು ಕೇಳುವುದು ಬೇರೆ. ಅರಿಶಿನಕ್ಕೆ ಕ್ಯಾನ್ಸರ್ ಸಾಯುತ್ತದಾ ಅಂತ. ಇವರು ಮುಟ್ಟುತ್ತದಾ ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆ ಅದೇ. ಅವತ್ತು ಅವರಿಗೆ ಹೇಳಿದ್ದನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಗ್ಲಿಯೊಬ್ಲಾಸ್ಟೋಮಾ ಜೀವಕೋಶಗಳ ಮೇಲೆ ಕರ್ಕ್ಯುಮಿನ್ ಹಾಕಿದರೆ ಅವು ಸಾಯುತ್ತವೆ. ಇದು ನಿಜ. ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಈರುಳ್ಳಿಯ ಕ್ವೆರ್ಸೆಟಿನ್ ಹಾಕಿದರೂ ಸಾಯುತ್ತವೆ. ಇಂಥ ಸುದ್ದಿ ಓದಿಯೇ ವಿಜಯಪುರದಿಂದ ಒಬ್ಬ ತಾಯಿ, ಮಗನಿಗೆ ದಿನಾ ಎಷ್ಟು ಒಣದ್ರಾಕ್ಷಿ ಕೊಡಲಿ ಎಂದು ಫೋನ್ ಮಾಡಿದ್ದರು. ಆದರೆ ತಟ್ಟೆಯಲ್ಲಿ ಜೀವಕೋಶಗಳು ಔಷಧದಲ್ಲೇ ಮುಳುಗಿ ಕೂತಿರುತ್ತವೆ. ಅಲ್ಲಿ ಹೊಟ್ಟೆ ಇಲ್ಲ, ಲಿವರ್ ಇಲ್ಲ, ರಕ್ತ ಇಲ್ಲ.

ಮೈಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಅಧ್ಯಯನ ಇದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಆರೋಗ್ಯವಂತರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ರಕ್ತದಲ್ಲಿ ಅದು ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ ಸಿಕ್ಕಿತು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಮೂರು ಪಾಲು. ಅಂದರೆ 2 ಗ್ರಾಂ ಅಂದರೆ ಹತ್ತಿರ ಹತ್ತಿರ 65 ಗ್ರಾಂ ಪುಡಿ! ಅಷ್ಟಾದರೂ ರಕ್ತಕ್ಕೆ ಬರಲಿಲ್ಲ. ಅದು ನೀರಿನಲ್ಲಿ ಕರಗುವುದಿಲ್ಲ. ಕರುಳು ದಾಟಿದ ಸ್ವಲ್ಪವನ್ನೂ ಲಿವರ್ ರೂಪ ಬದಲಿಸಿ ಹೊರಗೆ ಹಾಕುತ್ತದೆ. ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಜೊತೆಗೆ ಕೊಟ್ಟಾಗ ಪ್ರಮಾಣ 20 ಪಟ್ಟು ಏರಿತು. ಮೊದಲಿದ್ದದ್ದೇ ಚಿಟಿಕೆಯೂ ಅಲ್ಲವಾದ್ದರಿಂದ, 20 ಪಟ್ಟು ಆದರೂ ಅದು ಜಾಸ್ತಿಯೇನಲ್ಲ. ಇವತ್ತು ಅಂಗಡಿಯಲ್ಲಿ ಸಿಗುವ ಎಷ್ಟೋ ಅರಿಶಿನ ಗುಳಿಗೆಗಳಲ್ಲಿ ಮೆಣಸಿನ ಸಾರ ಸೇರಿಸಿರುವುದು ಇದೇ ಕಾರಣಕ್ಕೆ. ಆ ಮೆಣಸಿನ ಮಾತಿಗೆ ಆಮೇಲೆ ಬರುತ್ತೇನೆ.

ರಕ್ತಕ್ಕೆ ಬಂದರೂ ಮಿದುಳಿಗೆ ಇನ್ನೊಂದು ಗೋಡೆ ಇದೆ. 1885ರಲ್ಲಿ ಜರ್ಮನಿಯ ಪೌಲ್ ಎರ್ಲಿಚ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದ್ದರು. ಅಂಗಾಂಗಗಳೆಲ್ಲ ಬಣ್ಣ ಕುಡಿದವು, ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಮಿದುಳಿಗೆ ಬಣ್ಣ ಹೀರುವ ಗುಣವೇ ಇಲ್ಲವೇನೋ ಎಂದು ಅವರು ಅಂದುಕೊಂಡರು. 1913ರಲ್ಲಿ ಅವರ ಶಿಷ್ಯ ಗೋಲ್ಡ್‌ಮನ್ ಅದೇ ಬಗೆಯ ಬಣ್ಣವನ್ನು ಮಿದುಳಿನ ಸುತ್ತಲಿನ ದ್ರವಕ್ಕೇ ಚುಚ್ಚಿದರು. ಆಗ ಮಿದುಳು ನೀಲಿಯಾಯಿತು, ಉಳಿದ ಮೈ ಹಾಗೇ ಇತ್ತು. ನಡುವೆ ಏನೋ ಅಡ್ಡ ಇದೆ ಅನ್ನುವುದು ಖಾತ್ರಿಯಾಯಿತು.

ಬೇರೆ ಕಡೆಯ ಸಣ್ಣ ರಕ್ತನಾಳ ಬಿದಿರಿನ ಬುಟ್ಟಿ ಇದ್ದಂತೆ, ಸಂದಿಯಿಂದ ಸೋರುತ್ತದೆ. ಮಿದುಳಿನದ್ದು ತಾಮ್ರದ ಕೊಡ. ಜೀವಕೋಶಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಅಷ್ಟೇ ಅಲ್ಲ, ನುಸುಳಿ ಬಂದ ವಸ್ತುವನ್ನು ವಾಪಸ್ ರಕ್ತಕ್ಕೆ ಎತ್ತಿ ಎಸೆಯುವ ಪಂಪುಗಳೂ ಅಲ್ಲಿವೆ. ಈ ಗೋಡೆ ನಮ್ಮ ವೈರಿ ಅಲ್ಲ. ದಿನಾ ತಿಂದು ಕುಡಿದದ್ದರಲ್ಲಿನ ಕೆಟ್ಟದ್ದೆಲ್ಲ ಮಿದುಳಿಗೆ ಹೋಗದಂತೆ ಕಾಯುವುದು ಅದೇ.

“ಗಂಟ ಆದಲ್ಲಿ ಗೋಡಿ ಒಡದಿರತೈತಿ ಅಂತ ಡಾಕ್ಟ್ರು ಅಂದ್ರಲ್ರಿ?” ಎಂದು ಅವರು ಕೇಳಿದರು. ಸರಿಯಾಗೇ ಕೇಳಿಸಿಕೊಂಡಿದ್ದರು. ಎಂಆರ್‌ಐ ಮಾಡುವಾಗ ಕೊಟ್ಟ ಇಂಜೆಕ್ಷನ್‌ನಿಂದ ಗಂಟು ಬೆಳ್ಳಗೆ ಹೊಳೆಯುವುದು ಅಲ್ಲಿ ನಾಳ ಸೋರುತ್ತದೆ ಅಂತಲೇ. ಆದರೆ ಆ ಹೊಳೆಯುವ ಭಾಗವನ್ನೇ ಸರ್ಜನ್ ಬಹುಪಾಲು ತೆಗೆದಿರುತ್ತಾರೆ. ಈ ರೋಗದ ಬೇರು ಸುತ್ತಲಿನ ಒಳ್ಳೆಯ ಮಿದುಳಿನೊಳಗೆ ಹರಡಿಕೊಂಡಿರುತ್ತದೆ, ಮತ್ತೆ ಬೆಳೆಯುವುದು ಬಹಳ ಸಲ ಆ ಅಂಚಿನಿಂದಲೇ. ಅಲ್ಲಿ ಗೋಡೆ ಗಟ್ಟಿಯಾಗೇ ಇರುತ್ತದೆ. ಮದ್ದು ಮುಟ್ಟಬೇಕಾದದ್ದು ಅಲ್ಲಿಗೆ.

ಗಿಡದಿಂದ ಕ್ಯಾನ್ಸರ್ ಔಷಧ ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮನೆ ಮುಂದಿನ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಬಂದಿದೆ. ಇರಿನೊಟೆಕಾನ್‌ನ ಮೂಲ ವಸ್ತು ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಇದೆ. ಯೂ ಮರದ ತೊಗಟೆಯ ಪ್ಯಾಕ್ಲಿಟ್ಯಾಕ್ಸೆಲ್ ಇಲ್ಲದ ಕ್ಯಾನ್ಸರ್ ವಾರ್ಡ್ ಇವತ್ತು ಸಿಗಲಿಕ್ಕಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಕೂಡ ನೀರಿನಲ್ಲಿ ಕರಗದ್ದು. ಮೊದಲು ಅದನ್ನು ಔಡಲ ಎಣ್ಣೆಯಿಂದ ಮಾಡಿದ ದ್ರಾವಕದಲ್ಲಿ ಕೊಡುತ್ತಿದ್ದರು, ಕೆಲವರಿಗೆ ಅದರಿಂದಲೇ ಜೋರು ಅಲರ್ಜಿ ಆಗುತ್ತಿತ್ತು. ಆಮೇಲೆ ರಕ್ತದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿಗೆ ಅದನ್ನು ಕಟ್ಟಿ, 130 ನ್ಯಾನೊಮೀಟರ್‌ನ ಕಣ ಮಾಡಿದರು. 2005ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಹಾಗಾಗಿ ಗಿಡದ ವಸ್ತುವನ್ನು ನ್ಯಾನೊ ಮಾಡುವುದು ಕನಸಲ್ಲ. ಮಿದುಳಿನ ವಿಷಯದಲ್ಲಿ ಮಾತ್ರ ದಾರಿ ಇನ್ನೂ ಉದ್ದ ಇದೆ.

ಅವರಿಗೆ ಲ್ಯಾಬ್ ತೋರಿಸಿದೆ. ನಮ್ಮ ಕೆಲಸದ ಟೇಬಲ್ ಅವರ ಮನೆಯ ಅರಿಶಿನ ಕಟ್ಟೆಯಂತೆಯೇ ಹಳದಿ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆಪರೇಷನ್‌ನಲ್ಲಿ ಬಳಸುವ, ಮೈಯಲ್ಲೇ ಕರಗುವ ಹೊಲಿಗೆ ದಾರ ಗೊತ್ತಲ್ಲ? ಆ ಜಾತಿಯ ಪಾಲಿಮರ್ ಒಂದಿದೆ, ಪಿಎಲ್‌ಜಿಎ. ಅದನ್ನೂ ಕರ್ಕ್ಯುಮಿನ್ನನ್ನೂ ಅಸಿಟೋನಿನಲ್ಲಿ ಕರಗಿಸುತ್ತೇವೆ. ಗಿರ್ರನೆ ತಿರುಗುವ ನೀರಿಗೆ ಸಿರಿಂಜಿನಿಂದ ಹನಿ ಹನಿಯಾಗಿ ಬಿಡುತ್ತೇವೆ. ನೀರು ಕೇಸರಿ ಹಾಲಿನಂತೆ ಆಗುತ್ತದೆ. ಅಸಿಟೋನ್ ಆರಿಹೋಗುತ್ತದೆ, ಉಳಿಯುವುದು ಕಣಗಳು. ಲೇಸರ್ ಬೆಳಕು ಹಾಯಿಸಿ ಅಳೆದರೆ 150 ನ್ಯಾನೊಮೀಟರ್ ಆಸುಪಾಸು. ತಲೆಗೂದಲು ಸುಮಾರು 80,000 ನ್ಯಾನೊಮೀಟರ್ ದಪ್ಪ. ಒಂದು ಕೂದಲಿನ ಅಗಲದಲ್ಲಿ ಇಂಥ ಐನೂರು ಕಣ ಸಾಲಾಗಿ ಕೂರುತ್ತವೆ.

ಕಣ ಮಾಡುವುದು ಸುಲಭದ ಭಾಗ. ಮೊದಲ ವರ್ಷ ನಮ್ಮವು ಮೂರನೇ ದಿನಕ್ಕೇ ಮುದ್ದೆ ಕಟ್ಟುತ್ತಿದ್ದವು. ಮುದ್ದೆ ಕಟ್ಟದ ಬ್ಯಾಚಿನಲ್ಲಿ ಔಷಧ ಒಳಗೆ ಕೂರದೆ ಮೇಲ್ಮೈಗೇ ಅಂಟಿಕೊಂಡಿರುತ್ತಿತ್ತು, ಒಂದು ತಾಸಿನಲ್ಲೇ ಅರ್ಧ ಸೋರಿಹೋಗುತ್ತಿತ್ತು. ಮೈಗೆ ಹೋದ ಮೇಲಂತೂ ಲಿವರ್ ಮತ್ತು ಗುಲ್ಮದ ಕಾವಲು ಕೋಶಗಳು ಕಣವನ್ನು ಪರಕೀಯ ಎಂದು ಗುರುತಿಸಿ ನುಂಗುತ್ತವೆ. ಅವುಗಳ ಕಣ್ಣು ತಪ್ಪಿಸಲು ಕಣಕ್ಕೆ ಪೆಗ್ ಎಂಬ ನೀರು ಹಿಡಿಯುವ ಹೊದಿಕೆ ಹೊದಿಸುತ್ತೇವೆ. ಗೋಡೆ ದಾಟಿಸಲು ಪಾಲಿಸಾರ್ಬೇಟ್ 80 ಲೇಪಿಸುವುದು ಇನ್ನೊಂದು ಉಪಾಯ. ಆ ಲೇಪಕ್ಕೆ ರಕ್ತದಲ್ಲಿನ ಒಂದು ಪ್ರೋಟೀನ್ ಬಂದು ಅಂಟುತ್ತದೆ. ಮಿದುಳಿನ ನಾಳದ ಕೋಶ ಇದನ್ನು ತನಗೆ ಬೇಕಾದ ಕೊಬ್ಬಿನ ಕಣ ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಅಂಟಿಸಿ, ಕಬ್ಬಿಣದ ಬಾಗಿಲಿನಿಂದ ಕಳಿಸಲು ನೋಡುವವರೂ ಇದ್ದಾರೆ. ನನಗೆ ಇಷ್ಟು ವರ್ಷ ಆದಮೇಲೂ ಇವು ಕೆಲಸ ಮಾಡುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಆದರೂ ಲೆಕ್ಕ ನೋಡಬೇಕು. ಹತ್ತು ವರ್ಷದ ಪ್ರಾಣಿ ಪ್ರಯೋಗಗಳನ್ನು ಒಟ್ಟು ಹಾಕಿ 2016ರಲ್ಲಿ ಒಂದು ವಿಮರ್ಶೆ ಬಂತು. ಎಲ್ಲ ಬಗೆಯ ಗಂಟುಗಳೂ ಅದರಲ್ಲಿದ್ದವು. ಚುಚ್ಚಿದ ನ್ಯಾನೊ ಕಣಗಳಲ್ಲಿ ಗಂಟಿಗೆ ಮುಟ್ಟಿದ್ದು ನೂರಕ್ಕೆ 0.7 ಪಾಲು. ಗೋಡೆಯೇ ಇಲ್ಲದ ಅಂಗಗಳ ಗಂಟು ಸೇರಿಸಿಯೂ ಇಷ್ಟೇ. ಈ ಲೆಕ್ಕ ನೋಡಿ ನಾನೂ ಒಂದು ದಿನ ಸುಮ್ನೆ ಕೂತಿದ್ದೆ.

ಮನುಷ್ಯರಲ್ಲಿ ಏನಾಗಿದೆ? ಎರಡನ್ನು ಹೇಳುತ್ತೇನೆ. ಜರ್ಮನಿಯಲ್ಲಿ ಗ್ಲಿಯೊಬ್ಲಾಸ್ಟೋಮಾದ 13 ರೋಗಿಗಳಿಗೆ ಆಪರೇಷನ್‌ಗೆ ಮುಂಚೆ ನಾಲ್ಕು ದಿನ ಅತಿ ಸಣ್ಣ ಕಣಗಳ ಕರ್ಕ್ಯುಮಿನ್ ಗುಳಿಗೆ ಕೊಟ್ಟರು. ತೆಗೆದ ಗಂಟಿನಲ್ಲಿ ಕರ್ಕ್ಯುಮಿನ್ ಸಿಕ್ಕಿತು. ಅಂದರೆ ಮುಟ್ಟಿತು! ಆದರೆ ಸಿಕ್ಕ ಪ್ರಮಾಣ, ತಟ್ಟೆಯಲ್ಲಿ ಕೋಶ ಕೊಲ್ಲಲು ಬೇಕಾದದ್ದಕ್ಕಿಂತ ಬಹಳ ಬಹಳ ಕಡಿಮೆ. ಇನ್ನೊಂದು ಅಮೆರಿಕದ ಷಿಕಾಗೋದ್ದು, 2023ರಲ್ಲಿ ಪ್ರಕಟವಾಯಿತು. ಗಂಟು ಮರಳಿ ಬಂದ 17 ರೋಗಿಗಳ ತಲೆಬುರುಡೆಯಲ್ಲಿ ಅಲ್ಟ್ರಾಸೌಂಡ್ ಸಾಧನ ಕೂರಿಸಿ, ರಕ್ತಕ್ಕೆ ಸೂಕ್ಷ್ಮ ಗುಳ್ಳೆಗಳನ್ನು ಬಿಟ್ಟು, ಗೋಡೆಯನ್ನು ಸ್ವಲ್ಪ ಹೊತ್ತು ಸಡಿಲ ಮಾಡಿದರು. ಒಂದು ತಾಸಿನೊಳಗೆ ಅದು ಬಹುಪಾಲು ಮತ್ತೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಅದೇ ಆಲ್ಬುಮಿನ್ ಕಣದ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟರು. ಮಿದುಳಿಗೆ ಮುಟ್ಟಿದ ಔಷಧ ಸುಮಾರು ನಾಲ್ಕು ಪಟ್ಟು ಹೆಚ್ಚಾಯಿತು. ಇದು ಸುರಕ್ಷತೆ ನೋಡುವ ಮೊದಲ ಹಂತ, ಗುಣವಾದರು ಅನ್ನುವ ಸಾಬೀತಲ್ಲ. ಆದರೂ ನನಗೆ ಅತಿ ಹೆಚ್ಚು ಭರವಸೆ ಇರುವುದು ಈ ದಾರಿಯ ಮೇಲೆ.

ಇನ್ನು ಆ ಡಬ್ಬಿ. ಅದು ಆಹಾರ ಪೂರಕ. ಲೇಬಲ್ ಮೇಲೆ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇತ್ತು, ಕಣದ ಅಳತೆ ಎಲ್ಲೂ ಇರಲಿಲ್ಲ. ನ್ಯಾನೊ ಔಷಧವನ್ನು ಹೇಗೆ ಪರೀಕ್ಷಿಸಬೇಕು ಅನ್ನುವುದಕ್ಕೆ ನಮ್ಮ ದೇಶದಲ್ಲಿ 2019ರಲ್ಲೇ ಮಾರ್ಗಸೂಚಿ ಬಂದಿದೆ. ಆದರೆ ಆಹಾರ ಎಂದು ಮಾರುವ ಗುಳಿಗೆ, ರೋಗಿಗಳ ಮೇಲಿನ ಆ ಪರೀಕ್ಷೆ ದಾಟಿ ಬಂದಿರುವುದಿಲ್ಲ.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಅದರಲ್ಲಿದ್ದ ಮೆಣಸಿನ ಸಾರ. ಅವರ ತಮ್ಮನಿಗೆ ಫಿಟ್ಸ್ ಬಾರದಂತೆ ಫೆನಿಟಾಯಿನ್ ನಡೆದಿತ್ತು. ಆ ಸಾರದಲ್ಲಿನ ಪೈಪರಿನ್ ರಕ್ತದಲ್ಲಿ ಫೆನಿಟಾಯಿನ್ ಪ್ರಮಾಣ ಏರಿಸುತ್ತದೆ. ಜಾಸ್ತಿಯಾದರೆ ತಲೆ ತಿರುಗುತ್ತದೆ, ನಡಿಗೆ ತೂರಾಡುತ್ತದೆ, ಮಂಪರು ಬರುತ್ತದೆ. ಮನೆಯವರು ಗಂಟೇ ಬೆಳೆಯಿತೇನೋ ಎಂದು ಗಾಬರಿಯಾಗುತ್ತಾರೆ. ಅರಿಶಿನದ ಗಟ್ಟಿ ಸಾರದ ಗುಳಿಗೆಗಳಿಂದ, ಅದರಲ್ಲೂ ಮೆಣಸಿನ ಸಾರ ಸೇರಿದವುಗಳಿಂದ ಲಿವರ್ ಕೆಟ್ಟ ವರದಿಗಳೂ ಇವೆ. ಈ ರೋಗಕ್ಕೆ ರೇಡಿಯೇಶನ್ ಜೊತೆ ಕೊಡುವ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಔಷಧ ತೆಗೆದುಕೊಳ್ಳುವವರ ಲಿವರನ್ನು ಡಾಕ್ಟರು ಹೇಗೂ ಪರೀಕ್ಷಿಸುತ್ತಾ ಇರುತ್ತಾರೆ. ಅಲ್ಲಿ ಏರುಪೇರಾದರೆ ಆ ಔಷಧವನ್ನೇ ನಿಲ್ಲಿಸಬೇಕಾಗಬಹುದು. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನ, ಮೆಣಸಿಗೆ ಈ ಭಯ ಬೇಡ.

ಆ ಟೆಮೊಜೊಲೊಮೈಡ್ ನಿಲ್ಲಬಾರದು. ಅದು ಬಹಳ ಚಿಕ್ಕ ಅಣು, ನ್ಯಾನೊ ಗೀನೊ ಏನೂ ಬೇಡದೆ ಗೋಡೆ ದಾಟುತ್ತದೆ. 2005ರ ದೊಡ್ಡ ಅಧ್ಯಯನದಲ್ಲಿ ಬರೀ ರೇಡಿಯೇಶನ್ ಪಡೆದವರಲ್ಲಿ ಎರಡು ವರ್ಷ ಬದುಕಿದ್ದವರು ನೂರಕ್ಕೆ 10. ಇದೂ ಸೇರಿದಾಗ 26. ನಾವೆಲ್ಲ ಲ್ಯಾಬಿನಲ್ಲಿ ಇರುವುದೇ ಆ 26 ಸಾಲದು ಎಂದು. ಆದರೆ ಆ 10ಕ್ಕೂ 26ಕ್ಕೂ ನಡುವೆ ಇರುವವರು ಮನುಷ್ಯರು, ಅಲ್ವಾ?

“ಮತ್ತ ನೀವು ಮಾಡೂದು ಯಾವಾಗ ಬರತೈತ್ರಿ?” ಎಂದು ಹೋಗುವಾಗ ಕೇಳಿದರು.

“ಇನ್ನೂ ಇಲಿ ಮ್ಯಾಲೆ ನಡದೈತ್ರಿ ಅಣ್ಣಾರ. ನಿಮ್ಮ ತಮ್ಮಗ ಅದರ ದಾರಿ ಕಾಯಬ್ಯಾಡ್ರಿ” ಎಂದೆ. ಹೇಳುವುದು ಕಷ್ಟವಾಯಿತು.

ಒಂದು ಚೀಟಿಯಲ್ಲಿ ‘ಮೆಣಸಿನ ಸಾರ, ಫೆನಿಟಾಯಿನ್’ ಎಂದು ದಪ್ಪಕ್ಷರದಲ್ಲಿ ಬರೆದು ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿ ಕೊಟ್ಟೆ. ಡಬ್ಬಿ ಒಗೆಯಬೇಡಿ, ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ ಅಂದೆ. ಅವರು ಅದನ್ನು ಎಂಆರ್‌ಐ ಫೈಲಿನ ಚೀಲಕ್ಕೇ ಹಾಕಿಕೊಂಡು, ಮಧ್ಯಾಹ್ನದ ಕರೆಂಟ್ ಹೊತ್ತಿಗೆ ಆಸ್ಪತ್ರೆಗೆ ಹೊರಟರು. ಮೂವತ್ತರಲ್ಲಿ ಇನ್ನೂ ಹನ್ನೊಂದು ಸಿಟಿಂಗ್ ಬಾಕಿ ಇದ್ದವು.