ಅಬ್ದುಲ್ ಅನ್ನುವುದು ಅರ್ಧ ಹೆಸರು

"ಅಬ್ದುಲ್ ಅವರು 1931ರಲ್ಲಿ ರಾಮೇಶ್ವರದಲ್ಲಿ ಹುಟ್ಟಿದರು. ಅಬ್ದುಲ್ ಬಾಲ್ಯದಲ್ಲಿ ಮನೆಮನೆಗೆ ಪತ್ರಿಕೆ ಹಂಚುತ್ತಿದ್ದರು." ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಬಗ್ಗೆ ಮಕ್ಕಳಿಗೆಂದು ಬರೆದ ಒಂದು ಪುಟದಲ್ಲಿ ಹೀಗೆ ಹನ್ನೊಂದು ಸಲ 'ಅಬ್ದುಲ್' ಬಂದಿತ್ತು. ಕೂತು ಎಣಿಸಿದೆ. ಇಷ್ಟು ವರ್ಷ ಸುಮ್ಮನಿದ್ದವನು ಹನ್ನೊಂದನೆಯದಕ್ಕೆ ಸೋತೆ.

ಅರಬ್ಬಿಯಲ್ಲಿ 'ಅಬ್ದ್' ಅಂದರೆ ದಾಸ, ಆಳು. 'ಅಲ್' ಅನ್ನುವುದು ಇಂಗ್ಲಿಷಿನ 'ದಿ' ಥರದ್ದು, ಮುಂದೆ ಬರುವ ಪದಕ್ಕೆ ಅಂಟಿಕೊಂಡಿರುತ್ತದೆ. ಹಾಗಾದರೆ ನಡುವೆ ಇರುವ ಉಕಾರ ಎಲ್ಲಿಂದ ಬಂತು? ಅದು ಪ್ರಥಮಾ ವಿಭಕ್ತಿ. 'ರಾಮನು' ಎಂಬಲ್ಲಿ ಕೊನೆಯ ಉಕಾರ ಮಾಡುವ ಕೆಲಸವನ್ನೇ ಅಲ್ಲೂ ಮಾಡುತ್ತಿದೆ. ಎರಡು ಭಾಷೆಗಳಿಗೂ ಸಂಬಂಧವಿಲ್ಲ, ಕಾಕತಾಳೀಯ. ಆದರೆ ಕನ್ನಡದವರಿಗೆ ನೆನಪಿಟ್ಟುಕೊಳ್ಳಲು ಅನುಕೂಲ. ವಿಭಕ್ತಿ ಬದಲಾದರೆ ಅದೇ ಹೆಸರು ಅಬ್ದಲ್, ಅಬ್ದಿಲ್ ಎಂದೂ ಆಗುತ್ತದೆ. ಇನ್ನು 'ಅಬ್ದು', 'ಅಲ್-ಕರೀಮ್' ಸೇರುವಾಗ ಒಂದು ಲೋಪಸಂಧಿ. ನಮ್ಮಲ್ಲಿ ಮೊದಲ ಪದದ ಕೊನೆಯ ಸ್ವರ ಬಿದ್ದುಹೋಗುತ್ತದೆ, ಅಲ್ಲಿ ಎರಡನೆಯ ಪದದ ಮೊದಲ ಸ್ವರ. ಹೀಗೆ ಅಬ್ದುಲ್ ಕರೀಮ್, ಕರುಣಾಳುವಿನ, ಉದಾರಿಯ ದಾಸ. ಅಂದರೆ ಕೊನೆಯ 'ಲ್' ಕರೀಮನ ಕಡೆಯದು, ಅಬ್ದನ ಕಡೆಯದಲ್ಲ. ಬರೀ 'ಅಬ್ದುಲ್' ಎಂದು ಕೂಗುವುದು, 'ಶಿವನ ದಾಸ' ಎಂಬುದರಿಂದ ಶಿವನನ್ನು ಮಾತ್ರ ಕಿತ್ತುಕೊಂಡು, ಉಳಿದದ್ದಕ್ಕೆ 'ನದಾಸಾ, ಬಾರೋ ಇಲ್ಲಿ' ಅಂದ ಹಾಗೆ.

ಆ 'ಲ್' ಕೂಡ ನಿಂತಲ್ಲಿ ನಿಲ್ಲುವುದಿಲ್ಲ. ಅರಬ್ಬಿಯ 28 ಅಕ್ಷರಗಳಲ್ಲಿ 14ಕ್ಕೆ ಸೂರ್ಯಾಕ್ಷರಗಳು ಎಂದು ಹೆಸರು. ರ, ಸ, ನ ಇವೆಲ್ಲ ಆ ಗುಂಪಿನವು. ಅವು ಎದುರಾದರೆ ಲಕಾರ ತನ್ನ ರೂಪ ಬಿಟ್ಟು ಅವುಗಳಂತೆಯೇ ಆಗುತ್ತದೆ: ಅಬ್ದುರ್ರಹ್ಮಾನ್, ಅಬ್ದುಸ್ಸಲಾಮ್. ಭೌತವಿಜ್ಞಾನಕ್ಕೆ 1979ರಲ್ಲಿ ನೊಬೆಲ್ ಪಡೆದ ಪಾಕಿಸ್ತಾನದ ವಿಜ್ಞಾನಿಯ ಹೆಸರು ಇದೇ. ಅವರನ್ನು 'ಅಬ್ದುಸ್' ಎಂದು ಕರೆದರೆ ಹೇಗಿರುತ್ತದೆ, ಊಹಿಸಿಕೊಳ್ಳಿ. 'ಅಬ್ದುಲ್' ಮಾತ್ರ ನಮ್ಮ ಕಿವಿಗೆ ಹಿತವಾಗಿ ಕೇಳುವುದರಿಂದ ತಪ್ಪು ತಪ್ಪೆಂದೇ ಅನಿಸುವುದಿಲ್ಲ.

ಸರಿ, ಮೊದಲ ಅರ್ಧವನ್ನು ಬಿಟ್ಟು ಎರಡನೆಯದನ್ನೇ ಇಟ್ಟುಕೊಂಡರಾಯಿತಲ್ಲ ಅನ್ನುವವರಿಗೆ: ಅಲ್ಲಿ ಇರುವುದು ದೇವರ ಹೆಸರು. ರಹ್ಮಾನ್, ಜಬ್ಬಾರ್, ಅಜೀಜ್ ಎಲ್ಲ ಅಲ್ಲಾಹನ ಗುಣನಾಮಗಳು. ಅದರಲ್ಲೂ 'ರಹ್ಮಾನ್' ಅವನೊಬ್ಬನಿಗೇ ಮೀಸಲು ಎಂದು ಎಣಿಸುವ ಸಂಪ್ರದಾಯಸ್ಥರಿದ್ದಾರೆ. ದಾಸನನ್ನು ಒಡೆಯನ ಹೆಸರಿನಿಂದ ಕರೆದಂತಾಗುತ್ತದಲ್ಲ ಎಂಬುದು ಅವರ ಅಳುಕು. ಆದರೂ ಚೆನ್ನೈನ ಸಂಗೀತ ನಿರ್ದೇಶಕರನ್ನು ಜಗತ್ತೆಲ್ಲ ರೆಹಮಾನ್ ಅನ್ನುತ್ತದೆ. ನಮ್ಮ ಉಪಖಂಡದಲ್ಲಿ ಇದು ದಿನನಿತ್ಯದ ಬಳಕೆ.

ಹಿಂದೂ ಮನೆಗಳಲ್ಲಿ ಬೆಳೆದವರಿಗೆ ಈ ಅಳುಕು ಅರ್ಥವಾಗದಿರುವುದೇ ಗೊಂದಲದ ಮೂಲ ಎಂದು ನನ್ನ ಗುಮಾನಿ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಸಾಯುವ ಹೊತ್ತಿಗೆ ಮಗನನ್ನು 'ನಾರಾಯಣಾ' ಎಂದು ಕೂಗಿದ್ದಕ್ಕೇ ಅಜಾಮಿಳ ಯಮದೂತರ ಕೈಯಿಂದ ಪಾರಾದ. ದೇವರ ಹೆಸರನ್ನು ಮಗುವಿಗೆ ಇಡುವುದೇ ದಿನಕ್ಕೆ ನೂರು ಸಲ ಬಾಯಲ್ಲಿ ಬರಲಿ ಎಂದು. ಅದರಲ್ಲಿ ತೊಂಬತ್ತು ಸಲ ಬೈಗುಳದ ಜತೆ ಬಂದರೂ ಪುಣ್ಯಕ್ಕೆ ಕೊರತೆಯಿಲ್ಲ. ನಮ್ಮ ಅಜ್ಜಿಯಂದಿರು ಹೇಳಲು ಅಂಜುತ್ತಿದ್ದದ್ದು ಗಂಡನ ಹೆಸರನ್ನು. ಗಂಡ ವೆಂಕಟೇಶನಾದರೆ ಏಳುಕೊಂಡಲವಾಡ ಎಂದು ಸುತ್ತಿ ಬಳಸಿ ಹೇಳಬೇಕಿತ್ತು, ಪಾಪ. ಸ್ಪ್ಯಾನಿಷ್ ಆಡುವ ನಾಡುಗಳಲ್ಲಿ ಹೆಸೂಸ್, ಅಂದರೆ ಯೇಸು, ಬೀದಿಗೊಬ್ಬ ಸಿಗುತ್ತಾನೆ. ಅದೇ ಯೇಸುವನ್ನು ಪೂಜಿಸುವ ಇಂಗ್ಲಿಷರು ಮಗನಿಗೆ ಜೀಸಸ್ ಎಂದು ಇಡುವುದು ಅಪರೂಪ. ಪ್ರವಾದಿ ಮುಹಮ್ಮದರ ಹೆಸರು ತುರ್ಕರ ಮನೆಗಳಲ್ಲಿ ಮೆಹ್ಮೆತ್ ಆಗಿದೆ.

ಕತ್ತರಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಎಲ್ಲರೂ ಕತ್ತರಿಸುತ್ತಾರೆ. ಇಂಡೋನೇಷ್ಯಾದ ನಾಲ್ಕನೆಯ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ತಮ್ಮ ಜನಕ್ಕೆ 'ಗುಸ್ ದುರ್'. 'ಗುಸ್' ಜಾವಾದಲ್ಲಿ ಧರ್ಮಗುರುಗಳ ಗಂಡುಮಕ್ಕಳಿಗೆ ಸಲ್ಲುವ ಗೌರವದ ಮಾತು. 'ದುರ್' ಮಾತ್ರ ಹೆಸರಿನ ಸರೀ ನಡುಭಾಗ: ಅತ್ತ ದಾಸನೂ ಪೂರ್ತಿ ಇಲ್ಲ, ಇತ್ತ ದೇವರೂ ಇಲ್ಲ! ದೇಶದ ಅತಿದೊಡ್ಡ ಮುಸ್ಲಿಂ ಸಂಘಟನೆಯ ನಾಯಕರಾಗಿದ್ದವರಿಗೆ ಅದರಿಂದ ಏನೂ ಕುಂದಾಗಲಿಲ್ಲ. ನಮ್ಮ ಕರಾವಳಿಯ ಬ್ಯಾರಿ ಮನೆಗಳಲ್ಲಿ ಅದೇ ಹೆಸರು 'ಅದ್ರಾಮ'. ಇವೆಲ್ಲ ಮನೆಯವರು, ಊರವರು ಬಾಯಲ್ಲಿ ಸವೆಸಿ ನುಣ್ಣಗೆ ಮಾಡಿಕೊಂಡ ರೂಪಗಳು. 'ಫಸ್ಟ್ ನೇಮ್', 'ಲಾಸ್ಟ್ ನೇಮ್' ಎಂಬ ಎರಡು ಖಾನೆಗಳ ಫಾರಂ ಕತ್ತರಿಸುವುದು ಬೇರೆ ಬಗೆ. ಈಜಿಪ್ಟಿನ ಗಮಾಲ್ ಅಬ್ದೆಲ್ ನಾಸರ್ ಅವರ ಸ್ವಂತ ಹೆಸರು ಗಮಾಲ್. ಅಬ್ದೆಲ್ ನಾಸರ್ ಅವರ ತಂದೆಯ ಹೆಸರು. ಜಗತ್ತಿನ ಪತ್ರಿಕೆಗಳು ದಶಕಗಳ ಕಾಲ 'ನಾಸರ್' ಎಂದು ಬರೆದದ್ದು ಅಪ್ಪನ ಹೆಸರಿನ ಉತ್ತರಾರ್ಧವನ್ನು.

ಇನ್ನೊಂದು ಬಗೆಯ ಕತ್ತರಿಯೂ ಇದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ತುರ್ಕಿಯ ಗಲಿಪೊಲಿಯಲ್ಲಿ ಹೋರಾಡುತ್ತಿದ್ದ ಆಸ್ಟ್ರೇಲಿಯಾದ ಸೈನಿಕರು ಎದುರಿಗಿದ್ದ ತುರ್ಕರನ್ನೆಲ್ಲ ಒಟ್ಟಾಗಿ 'ಅಬ್ದುಲ್' ಅನ್ನುತ್ತಿದ್ದರು. ಈಗ ನಮ್ಮವರು ಮೊಬೈಲಿನಲ್ಲಿ ಅದನ್ನೇ ಒಂದು ಸಮುದಾಯಕ್ಕೆಲ್ಲ ಅಡ್ಡಹೆಸರು ಮಾಡಿಕೊಂಡಿದ್ದಾರೆ. ದ್ವೇಷಕ್ಕೆ ವ್ಯಾಕರಣ ಪಾಠ ಹೇಳಿ ಪ್ರಯೋಜನವಿಲ್ಲ, ಬಿಡಿ.

ತಾನಾಗಿಯೇ 'ಅಬ್ದುಲ್ ಅನ್ನಿ ಸಾಕು' ಎನ್ನುವವರೂ ಇದ್ದಾರೆ; ಅವರನ್ನು ತಿದ್ದಲು ಹೋಗಬೇಡಿ, ಹೆಸರು ಅವರದು. ಉಳಿದವರ ವಿಷಯದಲ್ಲಿ ಎರಡನ್ನೂ ಸೇರಿಸಿ ಒಂದೇ ಹೆಸರೆಂದು ಬರೆಯಿರಿ. ಅಷ್ಟು ಉದ್ದ ಬೇಡವಾದರೆ, ಅವರ ಮನೆಯವರು ಏನನ್ನುತ್ತಾರೋ ಕೇಳಿ. ಮಕ್ಕಳ ಪುಟಕ್ಕೆ 'ಕಲಾಂ' ಸಾಕಿತ್ತು, ಇಡೀ ದೇಶ ಕರೆದದ್ದು ಹಾಗೆಯೇ.

1980ರ ದಶಕದಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹೆಸರಿನ ಸಂಸ್ಥೆ ಮೈಸೂರಿನಲ್ಲಿದೆ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ ಮನುಷ್ಯ. ಆ ಹಳ್ಳಿಯವರು ಅರಬ್ಬಿ ವ್ಯಾಕರಣ ಓದಿದವರಲ್ಲ. ಆದರೂ ಅವರನ್ನು ಯಾರೂ 'ಅಬ್ದುಲ್ ಸಾಬ್' ಅನ್ನಲಿಲ್ಲ. ನಜೀರ್ ಸಾಬ್ ಅಂದರು, ಬೋರಿನಲ್ಲಿ ನೀರು ಬಂದ ಮೇಲೆ ನೀರ್ ಸಾಬ್ ಅಂದರು.