ಸತ್ತ ಹಂದಿಯನ್ನು ಬೆಟ್ಟಕ್ಕೆ ಎಸೆಯಬೇಡಿ

ಕಳೆದ ಮಳೆಗಾಲದ ಕೊನೆಗೆ ಕುಮಟಾದಿಂದ ಶಿರಸಿಗೆ ಹತ್ತುವಾಗ ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ಬೈಕ್ ನಿಲ್ಲಿಸಿದೆ. ರಸ್ತೆಯ ಕೆಳಗೆ ಬಿಳಿ ಗೊಬ್ಬರದ ಚೀಲ ಬಿದ್ದಿತ್ತು. ಹರಿದ ಕಡೆಯಿಂದ ಹಂದಿಯ ಹಿಂಗಾಲು ಹೊರಗೆ ಚಾಚಿತ್ತು. ಸುತ್ತಲಿನ ಕೆಸರು ಉತ್ತ ಹಾಗೆ ಎದ್ದಿತ್ತು. ಬಗ್ಗಿ ನೋಡಿದರೆ ಕಾಡುಹಂದಿಯ ಗೊರಸಿನ ಗುರುತು. ದೊಡ್ಡದರ ಜೊತೆ ಮರಿಗಳದ್ದೂ ಇತ್ತು.

ಪಶುವೈದ್ಯನಾಗಿ ಈ ಜಿಲ್ಲೆಯಲ್ಲಿ ನಾನು ಹೇಳಿ ಹೇಳಿ ಸೋತ ಮಾತು ಇದೊಂದೇ. ಸತ್ತ ಹಂದಿಯನ್ನು ಕಾಡಿಗೆ ಎಸೆಯಬೇಡಿ. ಪ್ರತಿ ಸಲ ಅದೇ ಉತ್ತರ: "ನರಿ, ಹದ್ದು ತಿಂದು ಮುಗಿಸ್ತವೆ ಡಾಕ್ಟ್ರೇ. ಆ ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಬರೋದಿಲ್ಲ ಅಂತ ನೀವೇ ಹೇಳಿದ್ರಲ್ಲ?"

ಹೌದು, ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ಬರುವುದಿಲ್ಲ. ದನಕ್ಕೂ ಇಲ್ಲ, ನಾಯಿಗೂ ಇಲ್ಲ. ಆದರೆ ಊರ ಹಂದಿ, ಕಾಡುಹಂದಿ ಎರಡೂ ಒಂದೇ ಜಾತಿ. ಇದಕ್ಕೆ ಬಂದದ್ದು ಅದಕ್ಕೂ ಬರುತ್ತದೆ. ಮದ್ದಿಲ್ಲ. ನಮ್ಮಲ್ಲಿ ಹಾಕಲು ಲಸಿಕೆಯೂ ಇಲ್ಲ. ಬಂದರೆ ಹೆಚ್ಚಿನವು ಒಂದೆರಡು ವಾರದಲ್ಲಿ ಸಾಯುತ್ತವೆ.

ಹಂದಿ ಸತ್ತ ಮೇಲೆ ರೋಗವೂ ಸತ್ತಿತು ಅಂತ ಜನ ತಿಳಿಯುತ್ತಾರೆ. ಎಡವಟ್ಟು ಆಗುವುದೇ ಇಲ್ಲಿ. ಉಸಿರು ನಿಂತ ಮೇಲೂ ರಕ್ತದಲ್ಲಿ, ಮಾಂಸದಲ್ಲಿ, ಎಲುಬಿನ ಮಜ್ಜೆಯಲ್ಲಿ ವೈರಸ್ ವಾರಗಟ್ಟಲೆ ಉಳಿಯಬಹುದು. ತಂಪಿದ್ದರೆ ತಿಂಗಳುಗಟ್ಟಲೆ. ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲೂ ಇರುತ್ತದೆ. ನರಿ ತಿಂದರೆ ನರಿಗೆ ಏನೂ ಆಗುವುದಿಲ್ಲ, ಸರಿ. ಅದು ಎಳೆದಾಡಿ ಬಿಟ್ಟ ತುಂಡು, ರಕ್ತ ಇಂಗಿದ ಮಣ್ಣು? ಕಾಡುಹಂದಿ ಅದನ್ನೇ ಮೂಸುತ್ತದೆ, ಕೆದಕುತ್ತದೆ. ಮಣ್ಣು ಕೆದಕುವುದೇ ಅದರ ದಿನದ ಕೆಲಸ ಅಲ್ವಾ?

ದೇಶದಲ್ಲಿ ಈ ರೋಗ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಮೊದಲು ಕಂಡಿತು. 2022ರ ಜುಲೈಯಲ್ಲಿ ವಯನಾಡಿನ ಹಂದಿ ಫಾರಂಗಳಲ್ಲಿ ಬಂತು. 2023ರ ಆರಂಭದಲ್ಲಿ ಮುದುಮಲೈ ಕಾಡಿನ ಹಂದಿಗಳು ಇದರಿಂದ ಸತ್ತವು. ಮುದುಮಲೈ ದಾಟಿದರೆ ನಮ್ಮ ಬಂಡೀಪುರ.

ಶಿರಸಿ ಕಡೆಯ ರೈತರೊಬ್ಬರು ನೇರವಾಗಿ ಕೇಳಿದರು: "ಕಾಡುಹಂದಿ ಸತ್ರೆ ಒಳ್ಳೇದೇ ಆಯ್ತಲ್ಲ?" ಅವರ ಸಿಟ್ಟಿಗೆ ಕಾರಣ ಇದೆ. ಅವರ ಗದ್ದೆ ನೋಡಿದ್ದೇನೆ. ಕೊಯ್ಲಿಗೆ ಬಂದ ಭತ್ತ ಒಂದೇ ರಾತ್ರಿಗೆ ಚಾಪೆಯಂತೆ ಮಲಗಿತ್ತು. ಆದರೂ ಅವರಿಗೆ ಹೇಳಿದೆ: ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇರುವ ಜಿಲ್ಲೆ ಇದು. ಇಲ್ಲಿ ಹುಲಿ, ಚಿರತೆ, ಕಾಡುನಾಯಿಗೆ ಹಂದಿಯೂ ಊಟ. ಅದು ಕಡಿಮೆಯಾದರೆ ಚಿರತೆ ನಿಮ್ಮ ಕರುವಿನ ಕಡೆ ತಿರುಗಬಹುದು. ಖಂಡಿತ ತಿರುಗುತ್ತದೆ ಅಂತ ಹೇಳಲಾರೆ. ಆದರೆ ಸಾಕಿದ ಹಂದಿಯನ್ನು ಕೂಡಿಹಾಕಬಹುದು, ಕಾಡಿನದ್ದನ್ನು ಆಗುವುದಿಲ್ಲ. ಕಾಡಿಗೆ ಹೊಕ್ಕ ರೋಗ ಮೇಯಲು ಬಿಟ್ಟ ಹಂದಿಗೆ ತಿರುಗಿ ಬರುತ್ತದೆ.

ಚೀಲ ಯಾರದ್ದೆಂದು ಆಮೇಲೆ ಗೊತ್ತಾಯಿತು. ಆರು ಹಂದಿ ಸಾಕಿ ಮಗಳ ಕಾಲೇಜು ಫೀಸು ಕಟ್ಟುತ್ತಿದ್ದ ಹೆಂಗಸು. "ಹೇಳಿದ್ರೆ ಉಳಿದ ಐದನ್ನೂ ಕೊಲ್ತಾರೆ ಅಂತ ಹೆದರಿದೆ" ಅಂದರು. ಪಾಪ, ನನಗೆ ಬಯ್ಯಲು ಮನಸ್ಸಾಗಲಿಲ್ಲ. ರೋಗ ಖಚಿತವಾದರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಸಾಕುಹಂದಿಗಳನ್ನು ಕೊಲ್ಲುತ್ತಾರೆ, ನಿಜ. ಅದಕ್ಕೆ ಪರಿಹಾರವೂ ಇದೆ. ಆದರೆ ಸತ್ತ ಹಂದಿಯೆಲ್ಲ ಇದೇ ರೋಗದಿಂದ ಸಾಯುವುದಿಲ್ಲ. ಕ್ಲಾಸಿಕಲ್ ಹಂದಿ ಜ್ವರ ಅಂತ ಬೇರೆಯೇ ಒಂದು ರೋಗವಿದೆ, ಅದರಲ್ಲೂ ಮೈ ಸುಡುತ್ತದೆ, ಕಿವಿ, ಹೊಟ್ಟೆಯ ಮೇಲೆ ಕೆಂಪು-ನೀಲಿ ಕಲೆ ಏಳುತ್ತದೆ. ಅದಕ್ಕೆ ಲಸಿಕೆ ಇದೆ. ಬರೀ ಕಣ್ಣಲ್ಲಿ ನೋಡಿ ಯಾವುದೆಂದು ಹೇಳಲು ನನ್ನಿಂದಲೂ ಆಗದು, ಲ್ಯಾಬೇ ಹೇಳಬೇಕು. ಅವರ ಐದು ಹಂದಿಗಳ ರಕ್ತ ಕಳಿಸಿದೆವು. ಆಫ್ರಿಕನ್ ಜ್ವರ ಇರಲಿಲ್ಲ.

ಹಾಗಾಗಿ ಹಂದಿ ಸತ್ತರೆ ಮೊದಲು ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಏನಾಗಿದೆ ನೋಡೋಣ ಅಂತ ಕೊಯ್ಯಬೇಡಿ. ಉಳಿದವನ್ನು ಹೊರಗೆ ಬಿಡಬೇಡಿ. ಸ್ಯಾಂಪಲ್ ತೆಗೆದ ಮೇಲೆ ಆರಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಕರಾವಳಿಯಲ್ಲಿ ಆಷಾಢಕ್ಕೆ ಮೂರಡಿಗೇ ನೀರು ಬರುವ ಜಾಗ ಜಾಸ್ತಿ. ಬಾವಿ, ಹಳ್ಳದಿಂದ ದೂರ, ಎತ್ತರದ ಕಡೆ ಅಗೆಯಿರಿ. ನಾಯಿ ಕೆದಕದ ಹಾಗೆ ಮೇಲೆ ಮುಳ್ಳು ಹೇರಿ.